ಓಂಕಾರಪ್ಪನವರ ಹುಲ್ಲಿನ ಮಿಷನ್ನು

ಓಂಕಾರಪ್ಪನವರಿಗೆ ಮಿಷನ್ನುಗಳ ಮೇಲೆ ಇದ್ದ ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಹೊಸದುರ್ಗದ ಕಡೆಯಿಂದ ಬಂದವರು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಾ ಜೋಡಿಸುತ್ತಾ ಕೂದಲು ಹಣ್ಣು ಮಾಡಿಕೊಂಡವರು. ರಿಟೈರಾದ ಮೇಲೂ ಊರಿಗೆ ಹೋಗದೆ ಬಂಗಾರಪೇಟೆ ರಸ್ತೆಯಲ್ಲಿ ಮನೆ ಕಟ್ಟಿಸಿದರು. ಮನೆ ಮುಂದೆ ನಾಲ್ಕು ಬದನೆ ಗಿಡ ಹಾಕೋಣ ಅಂತ ಹೆಂಡತಿ ತಾಯಮ್ಮ ಅಂದರೆ ಕೇಳಲಿಲ್ಲ. ಕಾರ್ಖಾನೆಯ ದೊಡ್ಡ ಸಾಹೇಬರ ಬಂಗಲೆ ಮುಂದೆ ಇದ್ದಂಥ ಹುಲ್ಲುಹಾಸೇ ಬೇಕು ಅಂತ ಪಟ್ಟು ಹಿಡಿದು ಹಾಕಿಸಿದರು. ಬೇಯಿಸೋಕೂ ಬರದ, ತಿನ್ನೋಕೂ ಬರದ ಬೆಳೆ ಅಂತ ತಾಯಮ್ಮ ಹಂಗಿಸಿದ್ದೇ ಹಂಗಿಸಿದ್ದು.

ಆದರೆ ಆ ಹುಲ್ಲು ಒಂದು ದಿನ ಅವರ ಉಪಯೋಗಕ್ಕೇ ಬಂತು. ಶ್ರಾವಣದಲ್ಲಿ ಒಂದು ಬೆಳಗ್ಗೆ ತಾಯಮ್ಮನ ಕೈಯಿಂದ ಕಾಫಿ ಲೋಟ ಜಾರಿತು. ಎತ್ತಿಕೊಳ್ಳೋಣ ಅಂತ ಬಗ್ಗಿದರೆ ಎಡಗಾಲೂ ಮಾತು ಕೇಳಲಿಲ್ಲ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೈ ಹೇಗೋ ದಾರಿಗೆ ಬಂತು, ಕಾಲು ಮಾತ್ರ ಮೊಂಡು ಹಿಡಿಯಿತು. ವ್ಯಾಯಾಮ ಮಾಡಿಸೋಕೆ ರಾಬರ್ಟ್‌ಸನ್‌ಪೇಟೆಯಿಂದ ಅಂಬಿಕ ಅನ್ನುವ ಹುಡುಗಿ ಬರುತ್ತಿದ್ದಳು. ಅವಳು ಹುಲ್ಲುಹಾಸು ನೋಡಿದವಳೇ ಹಿಗ್ಗಿಹೋದಳು.

"ಅಮ್ಮಾ, ಬೆಳಗ್ಗೆ ಸಂಜೆ ಇದರ ಮೇಲೆ ಬರಿಗಾಲಲ್ಲಿ ನಡೀರಿ. ಬಿದ್ರೂ ಪೆಟ್ಟಾಗಲ್ಲ, ಪಾದಕ್ಕೂ ಒಳ್ಳೇದು" ಅಂದಳು. ಆಮೇಲೆ ಓಂಕಾರಪ್ಪನವರ ಕಡೆ ತಿರುಗಿ, "ಅಪ್ಪಾ, ಈ ಮೊದಲ ತಿಂಗಳುಗಳಲ್ಲಿ ಎಷ್ಟು ನಡೀತಾರೋ ಅಷ್ಟೇ ಬರೋದು. ಬಿಟ್ಟುಬಿಟ್ರೆ ಕಾಲು ಸೆಟೆದುಕೊಳ್ಳುತ್ತೆ, ಆಮೇಲೆ ನಾನೂ ಏನೂ ಮಾಡೋಕಾಗಲ್ಲ. ದಿನಾ ನಡೆಸಿ" ಅಂತ ಬಿಡಿಸಿ ಹೇಳಿದಳು.

ಸರಿ, ಓಂಕಾರಪ್ಪನವರಿಗೆ ಹುಮ್ಮಸ್ಸು ಬಂತು. ಅಲ್ಲಿಯವರೆಗೆ ಕುಕ್ಕರಗಾಲಲ್ಲಿ ಕೂತು ದೊಡ್ಡ ಕತ್ತರಿಯಲ್ಲಿ ಹುಲ್ಲು ಸವರುತ್ತಿದ್ದವರು, ಇನ್ನು ಇದೆಲ್ಲ ಆಗೋ ಮಾತಲ್ಲ ಅಂತ ಬೆಂಗಳೂರಿಗೆ ಹೋಗಿ ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸೋ ಮಿಷನ್ನೇ ತಂದರು. ಮಾರಿಕುಪ್ಪಂ ರೈಲಿನಲ್ಲಿ ಅದನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು, ಹಿಡಿಕೆ ಬಿಡದೆ ದಾರಿಯುದ್ದಕ್ಕೂ ನಿಂತೇ ಬಂದರು. ಇದೇನು ಮಗು ಕೂರಿಸೋ ಗಾಡಿಯಾ ಅಂತ ಯಾರೋ ಹೆಂಗಸು ಕೇಳಿದ್ದಕ್ಕೆ, ಎಂಜಿನ್ನು ಎಂಥದ್ದು, ಅಲಗು ಎಂಥದ್ದು ಅಂತ ಬಂಗಾರಪೇಟೆ ಬರೋವರೆಗೂ ಆ ತಾಯಿಗೆ ಪಾಠ ಮಾಡಿದರು. ಪಾಪ, ಆಯಮ್ಮ ಯಾಕಾದರೂ ಕೇಳಿದೆನೋ ಅಂದುಕೊಂಡಿರಬೇಕು.

ಮಿಷನ್ನು ಚೆನ್ನಾಗಿಯೇ ಓಡಿತು. ಹಗ್ಗ ಒಂದು ಸಲ ಎಳೆದರೆ ಸಾಕು, ಗುರ್ರ್ ಅನ್ನುತ್ತಿತ್ತು. ಹುಲ್ಲು ಚಾಪೆ ಹಾಸಿದಂತೆ ಆಯಿತು. ತಾಯಮ್ಮ ಮೊದಲು ಗಂಡನ ಭುಜ ಹಿಡಿದು ನಾಲ್ಕು ಹೆಜ್ಜೆ ಹಾಕಿದರು, ಆಮೇಲೆ ಕೈ ಹಿಡಿದು, ಆಮೇಲೆ ಬರೀ ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಬಂದರು. ಇನ್ನೂ ಸ್ವಲ್ಪ ದಿನ, ಕೋಲೂ ಬೇಡ ಅಂತ ಅಂಬಿಕ ಅಂದಳು. ಅಷ್ಟು ಹೇಳಿ, ಅಕ್ಕನ ಹೆರಿಗೆ ಅಂತ ದಸರಾಕ್ಕೆ ಮುಂಚೆ ಕುಪ್ಪಂಗೆ ಹೋದಳು.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಆ ದಿನ ಅಂದರೆ ಮಿಷನ್ನುಗಳಿಗೆ ಮದುವೆ ಇದ್ದ ಹಾಗೆ. ತೊಳೆಯೋದೇನು, ಒರೆಸೋದೇನು, ಬಾಳೆಕಂದು ಕಟ್ಟೋದೇನು. ಓಂಕಾರಪ್ಪನವರ ಕೈ ಸುಮ್ಮನೆ ಇರುತ್ತದೆಯೇ? ಹುಲ್ಲಿನ ಮಿಷನ್ನನ್ನು ಅಂಗಳಕ್ಕೆ ತಂದು ಪೈಪು ಹಿಡಿದು ಮೇಲಿಂದ ಕೆಳಗೆ ಅಭಿಷೇಕವನ್ನೇ ಮಾಡಿದರು. ಅದಕ್ಕೆ ಹಣೆ ಅಂತ ಯಾವುದನ್ನು ಅನ್ನೋದು? ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ಇರಲಿ ಅಂತ, ಅದರ ಮೇಲೆ ಒದ್ದೆ ವಿಭೂತಿ ಮೂರು ಪಟ್ಟೆ ಎಳೆದು, ಕುಂಕುಮ ಕಲಸಿ ದಪ್ಪ ಬೊಟ್ಟಿಟ್ಟು, ಚೆಂಡುಹೂವಿನ ಹಾರ ಹಾಕಿದರು. ಪೂಜೆ ಆದ ಆಯುಧಕ್ಕೆ ಒಡನೆಯೇ ಕೆಲಸ ಕೊಡಬಾರದು ಅಂತ ಹಾಗೇ ಒಳಗೆ ಇಟ್ಟರು.

ಆಮೇಲೆ ಹಿಡಿಯಿತು ನೋಡಿ ಮಳೆ. ಬೇತಮಂಗಲದ ಕೆರೆಗೆ ನೀರು ಬಂತಂತೆ ಅಂತ ಎಲ್ಲರೂ ಖುಷಿಯಾಗಿದ್ದರೆ, ಓಂಕಾರಪ್ಪನವರ ಅಂಗಳದಲ್ಲಿ ಹುಲ್ಲು ಮೊಣಕಾಲಿಗೆ ಬಂತು. ಮಳೆ ಬಿಟ್ಟ ದಿನ ಮಿಷನ್ನು ಹೊರಗೆ ತೆಗೆದು ಹಗ್ಗ ಎಳೆದರು. ಒಂದು ಸಲ ಕೆಮ್ಮಿತು, ನಿಂತಿತು. ಮತ್ತೆ ಎಳೆದರು. ಊಹೂಂ, ಜಪ್ಪಯ್ಯ ಅಂದರೂ ಇಲ್ಲ. ರಟ್ಟೆ ಬಿದ್ದುಹೋಗೋವರೆಗೂ ಎಳೆದರು. ಅದೇ ವಾರ ನಲ್ಲಿಯ ಹತ್ತಿರ ಹುಲ್ಲಿನೊಳಗೆ ಹಾವಿನ ಪೊರೆ ಸಿಕ್ಕಿತು. ತಾಯಮ್ಮ ಅಲ್ಲಿಗೆ ಕಾಲಿಡೋದು ನಿಂತಿತು.

"ಮಿಷನ್ನು ಸರಿ ಹೋಗೋವರೆಗೂ ನಡುಮನೇಲೇ ನಡೀತೀನ್ರಿ. ಒಬ್ಬಳೇ ನಡೆದ್ರೆ ನೆಲ ಜಾರುತ್ತೆ ಅಂತ ಭಯ, ಸ್ವಲ್ಪ ಕೈ ಕೊಡ್ರಿ" ಅಂದರು ತಾಯಮ್ಮ.

"ಕೈಯೆಲ್ಲ ಎಣ್ಣೆ ಆಗಿದೆ, ಇರು. ಇನ್ನೇನು ಆಯ್ತು, ಸಂಜೆ ಹುಲ್ಲಿನ ಮೇಲೇ ನಡೆಯೋವಂತೆ" ಅಂದರು ಇವರು.

ಆ ಸಂಜೆ ಬರಲಿಲ್ಲ. ಪ್ಲಗ್ಗು ಬಿಚ್ಚಿದರು, ಉಪ್ಪುಕಾಗದದಲ್ಲಿ ತಿಕ್ಕಿದರು, ಬಂಗಾರಪೇಟೆಗೆ ಹೋಗಿ ಹೊಸದು ತಂದು ಹಾಕಿದರು. ಗಾಳಿಯ ಫಿಲ್ಟರು ತೊಳೆದು ಒಣಗಿಸಿದರು. ಎಂಜಿನ್ ಆಯಿಲ್ ಬದಲಾಯಿಸಿದರು. ಹಗ್ಗವೇ ಕಿತ್ತು ಕೈಗೆ ಬಂದಾಗ ಅದನ್ನೂ ಹೊಸದು ಹಾಕಿದರು. ಪೆಟ್ರೋಲಿನ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಹಬ್ಬದ ಹಿಂದಿನ ದಿನ ತಾವೇ ಸೋಸಿ ಹಾಕಿದ್ದರಲ್ಲ! ಮಿಷನ್ನು ಮಾರಿದ ಅಂಗಡಿಗೆ ಫೋನು ಮಾಡಿದರೆ, "ಇಲ್ಲಿಗೇ ತಂದ್ಬಿಡಿ ಸಾರ್, ನೀವು ಕಾರ್ಬೊರೇಟರ್ ಬಿಚ್ಚಿದ್ರೆ ಗ್ಯಾರಂಟಿ ಇರಲ್ಲ" ಅಂದರು. ಓಂಕಾರಪ್ಪನವರಿಗೆ ಪಿತ್ತ ನೆತ್ತಿಗೇರಿತು. ಆನೆಯಷ್ಟು ದೊಡ್ಡ ಎಂಜಿನ್ ಎಬ್ಬಿಸಿದವನಿಗೆ, ಅಂಗೈ ಅಗಲದ ಎಂಜಿನ್ನಿನ ವಿಷಯದಲ್ಲಿ ಬುದ್ಧಿ ಹೇಳೋಕೆ ಇವನ್ಯಾರು ಅಂತ ಫೋನು ಕುಕ್ಕಿದರು.

ಹಾಲು ಹಾಕೋಕೆ ಬರುತ್ತಿದ್ದ ಬಚ್ಚಪ್ಪ ದಿನಾ ಇದನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಕ್ಯಾನು ಕೆಳಗಿಟ್ಟು ಕೇಳಿಯೇಬಿಟ್ಟ.

"ಸಾರ್, ಆ ಮಿಸನ್ನು ಅಂಗಿರ್ಲಿ ಬಿಡಿ. ನಾಳೆ ಕುಡ್ಲು ತತ್ತೀನಿ, ಒಂದೇ ಒತ್ತಿಗೆ ಕೊಯ್ಕೊಂಡು ಓಗ್ತೀನಿ. ನಮ್ಮ ಅಸಕ್ಕೂ ಮೇವಾಗ್ತದೆ, ಅಮ್ಮನೋರೂ ನಡೀಬೋದು."

ಎಷ್ಟು ಒಳ್ಳೆ ಮಾತು! ಹೂಂ ಅಂದಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? "ಕುಡುಗೋಲಲ್ಲಿ ಕೊಯ್ದರೆ ಬುಡ ಮೊಳೆ ಥರ ನಿಲ್ಲುತ್ತೆ ಕಣಯ್ಯ, ಅವಳ ಪಾದಕ್ಕೆ ಚುಚ್ಚುತ್ತೆ. ಮಿಷನ್ನು ಇಟ್ಕೊಂಡು ಯಾರಾದ್ರೂ ಕುಡುಗೋಲು ತರಿಸ್ತಾರಾ?" ಅಂದರು. ಪಾದಕ್ಕೆ ಚುಚ್ಚುವುದು ನೆಪ, ಆ ಕೊನೆಯ ಮಾತೇ ನಿಜ. ಬಚ್ಚಪ್ಪನಿಗೂ ಅದು ತಿಳಿಯಿತು. ತಾಯಮ್ಮನ ಕಡೆ ಒಂದು ಸಲ ನೋಡಿ, ಕ್ಯಾನು ಎತ್ತಿಕೊಂಡು ಹೋದ.

ಹೀಗೇ ದೀಪಾವಳಿಯೂ ಬಂತು, ಹೋಯಿತು. ತಾಯಮ್ಮ ಬೆಳಗ್ಗೆ ಎದ್ದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಕೈ ಕೊಡ್ರಿ ಅಂತ ಒಂದು ಸಲ ಕೇಳುತ್ತಿದ್ದರು. ಇರು ಅನ್ನುವ ಉತ್ತರ ಬರುತ್ತಿತ್ತು. ಒಳಗೆ ಅವರಿಗೆ ಸಿಟ್ಟಿರಲಿಲ್ಲ ಅಂತ ಯಾರೂ ತಿಳಿಯಬೇಡಿ, ಬೇಕಾದಷ್ಟಿತ್ತು. ಆದರೆ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಆ ಮುದುಕ ಒದ್ದಾಡುವುದು ತನಗೋಸ್ಕರವೇ ಅಲ್ಲವೇ ಅನ್ನಿಸಿ, ಬಾಯಿಗೆ ಬಂದ ಬೈಗುಳ ನುಂಗಿಕೊಳ್ಳುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಓಂಕಾರಪ್ಪನವರು ಗ್ಯಾರಂಟಿ ಹಾಳಾಗಿ ಹೋಗಲಿ ಅಂತ ಕಾರ್ಬೊರೇಟರನ್ನು ಬಿಚ್ಚಿದರು. ಅದರ ಅಡಿಯಲ್ಲಿ ಪೆಟ್ರೋಲು ನಿಲ್ಲೋ ಬಟ್ಟಲನ್ನು ಬಿಳಿ ತಟ್ಟೆಗೆ ಬಗ್ಗಿಸಿದರೆ ಪೆಟ್ರೋಲಿನ ಅಡಿಯಲ್ಲಿ ನೀರು. ನೀರಿನ ಅಡಿಯಲ್ಲಿ ಕೆಂಪಗೆ ಕುಂಕುಮ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡೋಕೆ ಅಂತ ಸೂಜಿಮೊನೆಯಷ್ಟು ತೂತು ಇರುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಎಷ್ಟೋ ಜನರಿಗೆ ಹೇಳಿಕೊಟ್ಟದ್ದೇ. ಆ ತೂತಿನ ಮೇಲೇ ಪೈಪು ಬಿಟ್ಟು, ಕಲಸಿದ ಕುಂಕುಮ ಮೆತ್ತಿ, ಕೈಮುಗಿದು ನಿಂತಿದ್ದರು. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಆಮೇಲೆ ಟ್ಯಾಂಕು ಬರಿದು ಮಾಡಿ, ಒರೆಸಿ, ಹೊಸ ಪೆಟ್ರೋಲು ಹಾಕಿ ಹಗ್ಗ ಎಳೆದರೆ ಮಿಷನ್ನು ಗುರ್ರ್ ಅಂತ ಎದ್ದಿತು. ಓಂಕಾರಪ್ಪನವರಿಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅಲಗು ಎತ್ತರಿಸಿ ಒಂದು ಸಲ, ಇಳಿಸಿ ಇನ್ನೊಂದು ಸಲ, ಕತ್ತಲಾಗೋದರೊಳಗೆ ಅಂಗಳವೆಲ್ಲ ನುಣ್ಣಗೆ ಮಾಡಿದರು. ಬಚ್ಚಪ್ಪ ಮೂಟೆಗಟ್ಟಲೆ ಹುಲ್ಲು ಹೊತ್ತುಕೊಂಡು ಹೋದ.

ಮಾರನೆಯ ಬೆಳಗ್ಗೆ ಅಂಬಿಕ ಕುಪ್ಪಂನಿಂದ ವಾಪಸ್ ಬಂದವಳು ನೇರ ಇವರ ಮನೆಗೇ ಬಂದಳು. ಅವಳನ್ನು ನೋಡಿ ಓಂಕಾರಪ್ಪನವರಿಗೆ ಇನ್ನೂ ಖುಷಿಯಾಯಿತು. ಕೈಯನ್ನು ಸೋಪು ಹಾಕಿ ತೊಳೆದು, ತಾಯಮ್ಮನನ್ನು ಮೆಟ್ಟಿಲಿಳಿಸಿ ಹುಲ್ಲಿನ ಮೇಲೆ ನಿಲ್ಲಿಸಿದರು.

"ನಡಿ ಈಗ" ಅಂದರು.

ತಾಯಮ್ಮ ಕೋಲೂರಿ ಬಲಗಾಲು ಮುಂದಿಟ್ಟರು. ಎಡಗಾಲು ಬರಲಿಲ್ಲ. ಬೆರಳುಗಳು ಒಳಗೆ ಮಡಿಸಿಕೊಂಡು, ಪಾದ ಹುಲ್ಲಿನಲ್ಲಿ ಸಿಕ್ಕಿಕೊಂಡ ಹಾಗೆ ಅಲ್ಲೇ ಉಳಿಯಿತು. ಇನ್ನೊಮ್ಮೆ ಪ್ರಯತ್ನಪಟ್ಟರು. ಸೊಂಟ ಎತ್ತಿದರು, ಹಲ್ಲು ಕಚ್ಚಿದರು. ಕೋಲು ನಡುಗಿತು. ಅಂಬಿಕ ಓಡಿಬಂದು ಹಿಡಿದು ಕೂರಿಸಿದಳು. ಪಾದವನ್ನು ಕೈಯಲ್ಲಿ ತೆಗೆದುಕೊಂಡು ಮೇಲಕ್ಕೆ ಮಡಿಸಲು ನೋಡಿದಳು. ಅದು ಮಡಿಯಲಿಲ್ಲ.

"ಎಷ್ಟು ದಿನದಿಂದ ನಡೆದಿಲ್ಲ ಇವರು?" ಅಂತ ಕೇಳಿದಳು.

ಓಂಕಾರಪ್ಪನವರು ಹೇಳೋಕೆ ಶುರು ಮಾಡಿದರು. ಮಳೆ, ಹಾವಿನ ಪೊರೆ, ಪ್ಲಗ್ಗು, ಅಂಗಡಿಯವನ ಮಾತು, ಮುಚ್ಚಳದ ತೂತು ಎಲ್ಲ ಹೇಳಿದರು. ಅಂಬಿಕ ಪೂರ್ತಿ ಕೇಳಿಸಿಕೊಂಡಳು.

"ಮನೆ ಒಳಗೆ ನೆಲ ಇತ್ತಲ್ಲಪ್ಪಾ" ಅಂದಳು.

ಆಗ ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅವರನ್ನ ಯಾಕಮ್ಮ ಕೇಳ್ತೀಯ? ಅವರು ದಿನಾ ಕರೀತಿದ್ರು. ನಾನೇ ಸೋಮಾರಿ, ನಾಳೆ ನಾಳೆ ಅಂತ ಏಳಲಿಲ್ಲ" ಅಂದರು.