ಕರುಗಳ ಹಗ್ಗ ಹುಡುಕುವ ಗಿಡಾಡೊ

ಬೆಳಗಿನ ಐದೂ ಮುಕ್ಕಾಲು. ಬೋರ್ನೊ ಸೀಮೆಯ ವಾಯುನೆಲೆಯೊಂದರ ತಗಡಿನ ಕೋಣೆಯಲ್ಲಿ ಅರವತ್ತೆರಡರ ಗಿಡಾಡೊ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆಯ ಮುಂದೆ ಕೂತಿದ್ದಾರೆ. ಡ್ರೋನ್ ಕಳಿಸುತ್ತಿರುವ ಚಿತ್ರದಲ್ಲಿ ಮುಳ್ಳುಕಾಡಿನ ಅಂಚು, ಐವತ್ತರಷ್ಟು ದನ, ನಾಲ್ಕು ಬೈಕು, ಹೊದ್ದು ಮಲಗಿದ ಜನ. ಬಾಂಬು ಹೊತ್ತ ವಿಮಾನ ಆಗಲೇ ಮೇಲೆದ್ದಿದೆ.

“ಬಾಬಾ, ಬಂಡುಕೋರರೋ, ದನಗಾಹಿಗಳೋ? ಇಪ್ಪತ್ತು ನಿಮಿಷಕ್ಕಷ್ಟೇ ಇಂಧನ ಇದೆ,” ಎನ್ನುತ್ತಾರೆ ಅಧಿಕಾರಿ ಡೂಶಿಮಾ.

“ತಡಿ ಮಗಳೇ. ನಿನ್ನ ವಿಮಾನಕ್ಕೆ ರೆಕ್ಕೆ ಇದೆ, ನನ್ನ ಕಣ್ಣಿಗಿಲ್ಲ.”

ಗಿಡಾಡೊ ಹುಡುಕುತ್ತಿರುವುದು ಒಂದು ಹಗ್ಗವನ್ನು. ಅವರದೇ ಕುಲದ ಫುಲಾನಿ ದನಗಾಹಿ ಸಂಸಾರ ಎಲ್ಲೇ ಬೀಡುಬಿಡಲಿ, ಗೂಟಗಳ ನಡುವೆ ಹಗ್ಗ ಎಳೆದು ಕರುಗಳನ್ನು ಸಾಲಾಗಿ ಕಟ್ಟುತ್ತದೆ. ದನ ಕದ್ದು ಕಾಡು ಸೇರಿದ ಬಂಡುಕೋರರಿಗೆ ಕರು ಬರೀ ಹೊರೆ. ಸ್ವಂತ ಮಂದೆಯನ್ನು ಬಂಡುಕೋರರು ಹೊಡೆದುಕೊಂಡು ಹೋದ ಮೇಲೆ ಇಲ್ಲಿ ಸೇರಿದ ಗಿಡಾಡೊ, ಮೂರು ವರ್ಷಗಳಿಂದ ಪರದೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಹಟ್ಟಿ ನೋಡಿ ಯಾರದೆಂದು ಹೇಳುತ್ತಾರೆ. ಸಂತೆಗೆ ಹೋದರೆ ಕುಲದವರೇ “ಬಂದ ನೋಡು, ಸೈನ್ಯದ ಮುದುಕ” ಎಂದು ಮುಖ ತಿರುಗಿಸುತ್ತಾರೆ.

ಮೊದಲ ವರ್ಷ ಒಂದು ತಪ್ಪಾಯಿತು. ಹಗ್ಗ ಕಾಣದ ಹಟ್ಟಿಯೊಂದನ್ನು ಕಳ್ಳರದೆಂದರು, ಬಾಂಬು ಬಿತ್ತು. ಅಲ್ಲಿನ ಕರುಗಳೆಲ್ಲ ಕಾಲುಬಾಯಿ ರೋಗಕ್ಕೆ ಸತ್ತಿದ್ದವೆಂದು ಆಮೇಲೆ ತಿಳಿಯಿತು. “ಏಳು ಜನ ನನ್ನ ಬಾಯಿಂದ ಹೋದ್ರು,” ಎನ್ನುತ್ತಾರೆ. ಅಂದಿನಿಂದ ಹಾಲು ಕರೆಯುವ ಹೊತ್ತಿನವರೆಗೆ ಕಾಯಲೇಬೇಕೆಂಬುದು ಅವರ ಹಟ.

ಇವತ್ತೂ ಹಗ್ಗ ಕಾಣುತ್ತಿಲ್ಲ.

“ಇನ್ನು ಆರು ನಿಮಿಷ, ಬಾಬಾ.”

“ಬೈಯೋದಿದ್ರೆ ಆಮೇಲೆ ಬೈಯಿ. ಈಗ ಸುಮ್ಮನಿರು.”

ಪರದೆಯಲ್ಲಿ ಹೆಂಗಸೊಬ್ಬಳು ಏಳುತ್ತಾಳೆ. ಒಂದು ಕೈಯಲ್ಲಿ ಸೋರೆಬುರುಡೆ, ಇನ್ನೊಂದರಲ್ಲಿ ಜೋತಾಡುವ ಚರ್ಮ. ಅದನ್ನು ಹಸುವಿನ ಮೂತಿಗೆ ಹಿಡಿದು, ಕೆಚ್ಚಲ ಬಳಿ ಕೂರುತ್ತಾಳೆ.

ಗಿಡಾಡೊ ಎದ್ದೇ ನಿಲ್ಲುತ್ತಾರೆ. “ಸತ್ತ ಕರುವಿನ ಚರ್ಮ ಅದು! ಕರುಗಳೇ ಉಳಿದಿಲ್ಲ, ಅದಕ್ಕೇ ಹಗ್ಗ ಇಲ್ಲ. ಮೂಸಿಸಿ ಹಾಲು ಇಳಿಸ್ತಿದ್ದಾಳೆ. ಕಳ್ಳರಿಗೆಲ್ಲಿ ಬರುತ್ತೆ ಈ ಪುಣ್ಯದ ಕೆಲಸ? ವಾಪಸ್ ಕರಿ, ಮಗಳೇ!”

ವಿಮಾನ ತಿರುಗುತ್ತದೆ. ಕೆಳಗಿನವರಿಗೆ ಏನೂ ಗೊತ್ತಿಲ್ಲ. ಮಕ್ಕಳು ಬುರುಡೆಯ ಸುತ್ತ ಮುತ್ತಿಕೊಂಡಿದ್ದಾರೆ.

ಏನಾದರೂ ಆಸೆ ಇದೆಯೇ ಎಂದರೆ ಗಿಡಾಡೊ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ಒಂದಿನ ಆ ಹಟ್ಟಿಗೆ ಹೋಗಿ, ಆಯಮ್ಮನ ಕೈಯಿಂದ ಒಂದು ಬಟ್ಟಲು ಹಾಲು ಕೇಳಿ ಕುಡೀಬೇಕು. ನಾನ್ಯಾರು ಅಂತ ಹೇಳೋದಿಲ್ಲ.”