ಪ್ರೆಸ್ಸು ಕಾಯುವ ಎರಡು ಸೆಕೆಂಡು

ಪ್ಯಾನೆಲ್ ಬಾಗಿಲು ತೆರೆದೆ. ಒಳಗೆ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು.

ಪೊಳ್ಳಾಚಿ ಕಡೆಯ ಕೋಕೋಪಿಟ್ ಶೆಡ್ಡು ಅದು. ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತುವ ಪ್ರೆಸ್ಸು, ಆ ಪ್ರೆಸ್ಸಿಗೆ ತಲೆಯಾಗಿ ಒಂದು ಪಿಎಲ್‌ಸಿ. ಯಾವಾಗ ಇಳಿಯಬೇಕು, ಯಾವಾಗ ನಿಲ್ಲಬೇಕು ಎಂದು ಅಪ್ಪಣೆ ಕೊಡುವ ಪೆಟ್ಟಿಗೆ. ಅದರೊಳಗಿನ ಪ್ರೋಗ್ರಾಂ ಬರೆದವನು ನಾನು, ನನ್ನ ತಲೆಯ ಮೇಲೆ ಕೂದಲಿದ್ದ ಕಾಲದಲ್ಲಿ. ಆ ಹಳೆಯ ಮಾದರಿಯಲ್ಲಿ ಕರೆಂಟ್ ಇಲ್ಲದಾಗ ಪ್ರೋಗ್ರಾಂ ಕಾಯುವುದು ಒಂದು ಪುಟ್ಟ ಬ್ಯಾಟರಿ. ಕೆಂಪು ದೀಪವೆಂದರೆ ಬ್ಯಾಟರಿ ಕೊನೆಯುಸಿರು ಎಳೆಯುತ್ತಿದೆ ಎಂದು. ಅದರ ಜೊತೆಗೆ ಕರೆಂಟೂ ಹೋದರೆ ಎಲ್ಲ ಅಳಿಸಿಹೋಗುತ್ತದೆ. ಅವತ್ತು ಒಂಬತ್ತರಿಂದ ನಾಲ್ಕರವರೆಗೆ ಲೈನ್ ರಿಪೇರಿಗೆಂದು ಕರೆಂಟ್ ತೆಗೆಯುವ ತಿಂಗಳ ಶಟ್‌ಡೌನ್. ಆಗಲೇ ಎಂಟೂವರೆ. ಜನರೇಟರ್ ಮೆಕ್ಯಾನಿಕ್ಕಿನ ಅಂಗಳದಲ್ಲಿ ಬಿಚ್ಚಿಕೊಂಡು ಮಲಗಿ ತಿಂಗಳಾಗಿತ್ತು.

"ಯಾಕೆ ಸಾರ್ ಬೆವರ್ತಿದೀರಿ? ಪ್ರೋಗ್ರಾಂ ಕಾಪಿ ನಿಮ್ಮ ಹತ್ರ ಇದೆಯಲ್ಲ" ಎಂದರು ಮಾಲೀಕರು. ನಮ್ಮ ಹಾಗೆಯೇ ಅವರದೂ ಈ ಕಡೆ ನೆಲೆಸಿ ತಲೆಮಾರುಗಳಾದ ಕನ್ನಡದ ಮನೆ.

"ಇದೆ, ಇದೆ" ಎಂದೆ.

ಇರಲಿಲ್ಲ. ಇದ್ದದ್ದು ಒಂದು ಫ್ಲಾಪಿಯಲ್ಲಿ, ಆ ಫ್ಲಾಪಿಯನ್ನು ಬೂಷ್ಟು ತಿಂದು ಮುಗಿಸಿತ್ತು. ಪೆಟ್ಟಿಗೆಯಿಂದಲೇ ಇನ್ನೊಂದು ಕಾಪಿ ತೆಗೆಯೋಣವೆಂದರೆ ಪಾಸ್‌ವರ್ಡ್. ಬೇರೆ ಎಂಜಿನಿಯರ್ ಬಂದು ಗಿರಾಕಿಯನ್ನು ಎಗರಿಸಬಾರದೆಂದು ನಮ್ಮ ಕಸುಬಿನವರು ಬೀಗ ಹಾಕುವುದುಂಟು. ನಾನೂ ಹಾಕಿದೆ. ಅದೆಂಥ ಭದ್ರ ಬೀಗವೆಂದರೆ ಹಾಕಿದವನೇ ಹೊರಗುಳಿದ. ಮಗಳ ಹುಟ್ಟಿದ ದಿನ, ಮೊದಲ ಸ್ಕೂಟರಿನ ನಂಬರು, ಎಲ್ಲ ಒತ್ತಿ ನೋಡಿದ್ದಾಯಿತು. ಪೆಟ್ಟಿಗೆ ನನ್ನ ಪರಿಚಯವೇ ಇಲ್ಲದಂತೆ ಕೂತಿತ್ತು.

ಹೊಸ ಕಂಟ್ರೋಲರ್‌ಗಳಲ್ಲಿ ಈ ಫಜೀತಿ ಇಲ್ಲ. ಪ್ರೋಗ್ರಾಂ ಮೆಮೊರಿ ಕಾರ್ಡಿನಲ್ಲಿ ಕೂತಿರುತ್ತದೆ, ಯಂತ್ರದ ಯೋಗಕ್ಷೇಮ ಮಾಲೀಕರ ಫೋನಿಗೇ ಬರುತ್ತದೆ. ನನ್ನ ಹಳೆ ಮಾದರಿಯನ್ನು ಕಂಪನಿ ಎಂದೋ ನಿಲ್ಲಿಸಿತ್ತು. ಬಿಡಿಭಾಗ ಬೇಕಾದರೆ ಕೊಯಮತ್ತೂರಿನ ಗುಜರಿ ಅಂಗಡಿಗಳಲ್ಲಿ ಮೂಸಿ ನೋಡಿ ತರಬೇಕು. ಆದರೂ ಹೊಸದರ ಮಾತು ಬಂದಾಗಲೆಲ್ಲ ನಾನು ಗಂಭೀರವಾಗಿ, "ಹಳೇ ಮಾಲು ಕಲ್ಲಿದ್ದ ಹಾಗೆ" ಎಂದು ತೀರ್ಪು ಕೊಡುತ್ತಿದ್ದೆ. ಜನ ಅದನ್ನು ನನ್ನ ಸಿದ್ಧಾಂತ ಎಂದುಕೊಂಡು ಗೌರವಿಸಿದರು. ಅದು ಬರೀ ಭಯ. ಹೊಸದು ಬಂದರೆ ಹಳೆಯದರ ಕಾಪಿ ಕೇಳುತ್ತಾರಲ್ಲ!

ಅಳಿಸಿಹೋದರೆ ಮತ್ತೆ ಬರೆಯಬಹುದಿತ್ತು. ಆದರೆ ಒತ್ತುವ ಮೊದಲು ಆ ಪ್ರೆಸ್ಸು ಎರಡು ಸೆಕೆಂಡು ಸುಮ್ಮನೆ ನಿಲ್ಲುತ್ತಿತ್ತು. ನಿಲ್ಲಿಸಿದವನು ನಾನೇ, ಯಾಕೆಂದು ಮಾತ್ರ ಮರೆತಿದ್ದೆ. ಹೀಗೆ ಇನ್ನೇನೇನು ಸೇರಿಸಿ ಮರೆತಿದ್ದೆನೋ. ಅದರಲ್ಲಿ ಒಂದು ಬಿಟ್ಟುಹೋದರೂ ಏಟು ಬೀಳುವುದು ಪ್ರೆಸ್ಸಿಗೆ ಪುಡಿ ತುಂಬುವ ಅಕ್ಕನಿಗೆ. ಆಕೆ ಎದುರಿಗೇ ಕೂತು ಟೀ ಕುಡಿಯುತ್ತಿದ್ದರು. ಲೋಟ ಹಿಡಿದ ಬೆರಳುಗಳನ್ನು ಎಣಿಸಿದೆ. ಹತ್ತಿದ್ದವು.

ಕರೆಂಟ್ ಇರುವಾಗಲೇ ಬ್ಯಾಟರಿ ಬದಲಿಸಿದರೆ ಅಪಾಯವಿಲ್ಲ. ಚೀಲದಿಂದ ಹೊಸದನ್ನು ತೆಗೆದು ಕೈಯಲ್ಲಿ ಹಿಡಿದು ಹಳೆಯದರ ವೈರು ಎಳೆದೆ. ಅದೇ ಕ್ಷಣ ಶೆಡ್ಡಿನ ಫ್ಯಾನುಗಳು ನಿಧಾನವಾದವು. ಒಂಬತ್ತಕ್ಕೆ ಹೋಗಬೇಕಾದ ಕರೆಂಟ್ ಕಾಲು ಗಂಟೆ ಮೊದಲೇ ಹೋಗಿತ್ತು.

ಇಂಥ ಹೊತ್ತಿನಲ್ಲಿ ಪೆಟ್ಟಿಗೆ ಐದು ನಿಮಿಷ ನೆನಪು ಹಿಡಿದುಕೊಳ್ಳುತ್ತದೆ ಎಂದು ಅದರ ಜೊತೆ ಬಂದ ಪುಸ್ತಕ ಹೇಳುತ್ತದೆ. ಪುಸ್ತಕ ಹೇಳುವುದು ಹೊಸ ಪೆಟ್ಟಿಗೆಯ ಮಾತು. ಇದು ನನ್ನಷ್ಟೇ ಹಳತು, ನನಗೆ ಐದು ನಿಮಿಷದ ಹಿಂದೆ ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ. ಅಕ್ಕ ಫೋನಿನ ಟಾರ್ಚ್ ಹಿಡಿದರು. ವೈರಿನ ತುದಿ ಅಕ್ಕಿಕಾಳಿನಷ್ಟು. ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು. ಮೂರನೇ ಸಲ ಕೂತಿತು. ಎಷ್ಟು ಹೊತ್ತಾಗಿತ್ತೋ, ಗಡಿಯಾರ ನೋಡುವ ಧೈರ್ಯ ಬರಲಿಲ್ಲ.

ಪ್ರೋಗ್ರಾಂ ಉಳಿದಿದೆಯೋ ಇಲ್ಲವೋ ನಾಲ್ಕು ಗಂಟೆಗೇ ಗೊತ್ತಾಗಬೇಕು. ಅಲ್ಲಿಯವರೆಗೆ ಮಾಲೀಕರ ಮನೆಯಲ್ಲಿ ನನಗೆ ಊಟ ಬಡಿಸಿದರು. ಏನು ತಿಂದೆನೋ ತಿಳಿಯದು.

ನಾಲ್ಕಕ್ಕೆ ಕರೆಂಟ್ ಬಂತು. ಪೆಟ್ಟಿಗೆ ಯೋಚಿಸಿತು, ಆಮೇಲೆ ಹಸಿರು ದೀಪ. ಪ್ರೆಸ್ಸು ಎರಡು ಸೆಕೆಂಡು ಕಾದು ಇಳಿಯಿತು.

"ನೀವು ಹೇಳಿದ್ದು ಸರಿ, ಕಲ್ಲೇ ಇದು" ಎಂದು ಮಾಲೀಕರು ಪ್ಯಾನೆಲ್ ತಟ್ಟಿದರು. "ಇನ್ನು ಹತ್ತು ವರ್ಷ ಯೋಚನೆ ಇಲ್ಲ."

ಇನ್ನು ಹತ್ತು ವರ್ಷ ಇದೇ ಭಯ! "ಕಾಪಿ ಇಲ್ಲ" ಎಂದೆ. ಫ್ಲಾಪಿ, ಪಾಸ್‌ವರ್ಡ್, ಎರಡು ಸೆಕೆಂಡು, ಎಲ್ಲ ಹೇಳಿಬಿಟ್ಟೆ.

ಪ್ಯಾನೆಲ್ ತಟ್ಟಿದ ಕೈಯನ್ನು ಮಾಲೀಕರು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ಅಯ್ಯೋ ಸಾರ್, ಇಷ್ಟು ವರ್ಷ ನಿಮ್ಮನ್ನ ನಂಬಿ ನಿದ್ದೆ ಮಾಡ್ತಿದ್ದೆನಲ್ಲ."

"ನಾನು ಮಾಡ್ತಿರಲಿಲ್ಲ" ಎಂದೆ.

ಆಗ ಅಕ್ಕ, "ಆ ಎರಡು ಸೆಕೆಂಡಾ? ಅದು ನನ್ನ ಕೈಗೆ ಅಂತ ಇಟ್ಟಿದ್ದಲ್ವಾ ಸಾರ್?" ಎಂದರು ತಮಿಳಿನಲ್ಲಿ. "ಮೂಲೇಲಿ ಪುಡಿ ನಿಲ್ಲುತ್ತೆ, ಕೈಯಲ್ಲೇ ತಳ್ಳಬೇಕು. ಒಂದ್ಸಲ ಬಳೆ ಸಿಕ್ಕಿಕೊಳ್ತು. ಗಾಜಿನದು, ಒಡೆದು ಕೈ ಬಿಡ್ತು. ನೀವು ಮಾರನೇ ದಿನ ಬಂದು ಮಷೀನು ಕಾಯೋ ಹಾಗೆ ಮಾಡಿದ್ರಿ."

ನೆನಪಾಯಿತು. ನೆಲದ ಮೇಲೆ ಬಿದ್ದಿದ್ದ ಹಸಿರು ಚೂರುಗಳೂ ನೆನಪಾದವು.

"ಇನ್ನೂ ಇದೆ, ಬರ್ಕೊಳ್ಳಿ" ಎಂದರು ಆಕೆ. ಎಣ್ಣೆ ಬಿಸಿಯಾದಾಗ ಪ್ರೆಸ್ಸು ಏನು ಮಾಡುತ್ತದೆ, ಅದರ ಬಾಗಿಲು ಅರ್ಧ ಮುಚ್ಚಿದಾಗ ಯಾಕೆ ಹಟ ಹಿಡಿಯುತ್ತದೆ, ಒಂದೊಂದೇ ಹೇಳಿದರು. ನಾನು ಬರೆದುಕೊಂಡೆ.

ಹೊಸ ಕಂಟ್ರೋಲರ್ ಬಂತು. ಆಕೆ ಹೇಳಿದ್ದನ್ನೆಲ್ಲ ಸೇರಿಸಿ ಪ್ರೋಗ್ರಾಂ ಹೊಸದಾಗಿ ಬರೆದೆ. ಪಾಸ್‌ವರ್ಡ್ ಹಾಕಲಿಲ್ಲ. ಕಾಪಿಯನ್ನು ಮಾಲೀಕರ ಕೈಗೇ ಕೊಟ್ಟೆ. ಮೊದಲ ದಿನ ಆಕೆ ಪುಡಿ ತುಂಬಿ ಮೂಲೆಯದನ್ನು ತಳ್ಳಿದರು. ನಾನು ಪಕ್ಕದಲ್ಲಿ ನಿಂತು ಕೆಂಪು ಸ್ಟಾಪ್ ಬಟನ್ನಿನ ಮೇಲೆ ಅಂಗೈ ಇಟ್ಟು ಒಂದು, ಎರಡು ಎಣಿಸಿದೆ. ಪ್ರೆಸ್ಸು ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಊಟದ ಹೊತ್ತಾದರೂ ನನ್ನ ಅಂಗೈ ಅಲ್ಲಿಯೇ ಇತ್ತು.

"ಕೈ ತೆಗೀರಿ ಸಾರ್" ಎಂದರು ಅಕ್ಕ. "ನಾನು ತೆಗೆದಿದ್ದೀನಲ್ಲ."