ಸೈಮಿಯ ಕಾರಿನ ಎಡ ಚಕ್ರ

ಆಹ್ತಿ ಮೊಯ್ಲಾನೆನ್‌ನ ಕಿವಿ ಇಸಾಲ್ಮಿ ಊರಿನ ಸುತ್ತಮುತ್ತ ಹೆಸರಾಗಿತ್ತು. ಹೆದ್ದಾರಿ ಬದಿಯ ಅವನ ಗ್ಯಾರೇಜಿನ ಮುಂದೆ ಕಾರೊಂದು ಹಾದುಹೋದರೆ ಸಾಕು, ಕಾಫಿ ಲೋಟದಿಂದ ಮುಖ ಎತ್ತದೆಯೇ ಯಾವ ಚಕ್ರ ನರಳುತ್ತಿದೆ ಎಂದು ಹೇಳಿಬಿಡುತ್ತಿದ್ದ. ಮಾತು ಮಾತ್ರ ಅವನಿಗೆ ಒಲಿದಿರಲಿಲ್ಲ. ಮದುವೆಯೂ ಆಗಿರಲಿಲ್ಲ. ಮನಸ್ಸಿನಲ್ಲಿದ್ದುದನ್ನು ತೋರಿಸಲು ಅವನಿಗೆ ಗೊತ್ತಿದ್ದ ದಾರಿ ಒಂದೇ: ಶನಿವಾರ ಹಬೆಸ್ನಾನದ ಸೌನಾ ಕೋಣೆಯ ಒಲೆ ಹೊತ್ತಿಸುವ ಮೊದಲು ಸೈಮಿಯ ಕಾರು ತೊಳೆಯುವುದು.

ಸೈಮಿ ಹಳ್ಳಿಹಳ್ಳಿ ತಿರುಗಿ ಮುದುಕರ ಆರೈಕೆ ಮಾಡುವ ನರ್ಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಂಜುಗಡ್ಡೆ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪೆಲ್ಲ ಅವಳ ಕಾರಿನ ಅಡಿಗೆ ಮೆತ್ತಿಕೊಳ್ಳುತ್ತಿತ್ತು. ಆಹ್ತಿ ಪ್ರೆಶರ್ ಪೈಪು ಹಿಡಿದು, ನೆಲಕ್ಕೆ ಗಲ್ಲ ತಾಗುವಷ್ಟು ಬಗ್ಗಿ, ಚಕ್ರದ ಹಿಂಬದಿಯ ಸಂದುಗೊಂದಿಗೆಲ್ಲ ನೀರು ಹಾಯಿಸುತ್ತಿದ್ದ. ಬೇರೆ ಯಾರ ಕಾರಿಗೂ ಅವನು ಅಷ್ಟು ಬಗ್ಗಿದವನಲ್ಲ.

ಅದೊಂದು ವರ್ಷ, ಚಳಿ ಕಾಲಿಡುವ ಹೊತ್ತಿಗೆ, ರಸ್ತೆಯಾಚೆ ರೇಯೊ ಎಂಬವನು ಹೊಸ ಗ್ಯಾರೇಜು ತೆರೆದ. ಬಂದವರಿಗೆಲ್ಲ ಕಾಫಿ, ಏಲಕ್ಕಿ ಬನ್ನು, ಜೊತೆಗೆ ಬಾಯ್ತುಂಬ ಮಾತು. ಮಂಜುಗಡ್ಡೆಯ ಮೇಲೆ ಜಾರದಂತೆ ಮೊಳೆ ಕೂರಿಸಿದ ಚಳಿಗಾಲದ ಟೈರು ಹಾಕಿಸುವವರ ಸಾಲು ಆಹ್ತಿಯ ಬಳಿ ಉದ್ದವಿತ್ತು. ಸೈಮಿ ರಸ್ತೆ ದಾಟಿದಳು.

ಶನಿವಾರ ಕಾರು ತೊಳೆಸಲು ಬಂದಾಗ ಅವಳ ಬಾಯಲ್ಲಿ ಅದೇ ಮಾತು. "ರೇಯೊನ ಬನ್ನು ತಿಂದಿದ್ದೀಯೇನೋ ಆಹ್ತಿ? ಬಾಯಿಗಿಟ್ರೆ ಕರಗುತ್ತೆ."

"ಬನ್ನು ಮಾರೋನಿಗೆ ಟೈರಿನ ಉಸಾಬರಿ ಯಾಕಂತೆ?"

"ಅಯ್ಯೋ, ಉರ್ಕೊಂಡ್ಯಾ!" ಎಂದು ಅವಳು ನಕ್ಕಳು. ಆಹ್ತಿಗೆ ನಗು ಬರಲಿಲ್ಲ. ಪೈಪು ಹಿಡಿದು ಚಕ್ರದ ಕಡೆ ಬಗ್ಗಿದ.

ನಡುಚಳಿಗಾಲದಲ್ಲಿ ಒಮ್ಮೆ ಅವಳೇ ಎತ್ತಿದಳು. "ಕಾರು ಯಾಕೋ ಗುಂಯ್ ಅಂತಿದೆ ಕಣೋ. ರೇಯೊ ನೋಡ್ದ. ಮೊಳೆ ಟೈರಿನ ಸದ್ದಂತೆ, ಬೇಸಿಗೆ ಟೈರು ಹಾಕಿದ್ರೆ ಹೋಗುತ್ತಂತೆ."

ಆ ಸೀಮೆಯಲ್ಲಿ ಎಲ್ಲರೂ ಮಾಡುವ ತಪ್ಪೇ ಅದು. ಚಳಿಗಾಲದ ಯಾವ ಸದ್ದನ್ನಾದರೂ ಮೊಳೆಗಳ ತಲೆಗೆ ಕಟ್ಟುತ್ತಾರೆ. ಆದರೆ ಆಹ್ತಿ ಆಗಲೇ ಕೇಳಿಸಿಕೊಂಡಿದ್ದ. ಚರ್ಚಿನ ತಿರುವಿನಲ್ಲಿ ಅವಳು ಬಲಕ್ಕೆ ಹೊರಳಿದಾಗ ಕಾರಿನ ಭಾರ ಎಡಕ್ಕೆ ವಾಲುತ್ತಿತ್ತು, ಗುಂಯ್‌ಗುಟ್ಟುವುದು ಜೋರಾಗುತ್ತಿತ್ತು. ಅದು ಮೊಳೆಯಲ್ಲ, ಎಡ ಮುಂಚಕ್ರದ ಬೇರಿಂಗು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ರೇಯೊನೇ ಹೇಳಿದ್ಮೇಲೆ ಇನ್ನೇನು," ಎಂದು ಪೈಪು ಎತ್ತಿಕೊಂಡ.

ವಸಂತ ಬರಲಿ, ಟೈರು ಬದಲಾಗಲಿ, ಸದ್ದು ಹಾಗೇ ಉಳಿಯಲಿ. ಆಗ ರೇಯೊನ ಮುಖ ನೋಡಬೇಕು! ಚಳಿಗಾಲವಿಡೀ ಆಹ್ತಿ ಆ ಆಸೆಯನ್ನು ಕೆಂಡದಂತೆ ಕಾಪಾಡಿಕೊಂಡ. ಆದರೂ ಬೇರಿಂಗು ತೀರಾ ಸಡಿಲವಾದರೆ ಚಕ್ರವೇ ಅಲುಗುತ್ತದೆಂದು ಅವನಿಗೆ ಗೊತ್ತಿತ್ತು. ಪ್ರತಿ ಸಂಜೆ ಅವಳ ಕಾರಿನ ಸದ್ದು ಮನೆಯ ಕಡೆಗೆ ಹಾದುಹೋಗುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ.

ವಸಂತ ಬಂತು. ಬೇಸಿಗೆ ಟೈರು ಹಾಕಿದ ಮೇಲೆ ಗುಂಯ್ ಎನ್ನುತ್ತಿದ್ದುದು ಗುರ್ರೆನ್ನತೊಡಗಿತು. ಸೈಮಿ ನೇರ ಆಹ್ತಿಯ ಬಳಿ ಬಂದಳು. ಅವನ ಎದೆಗೆ ಹಾಲು ಎರೆದಂತಾಯಿತು. ಹಿಂದೆಯೇ ಬನ್ನಿನ ಪೊಟ್ಟಣ ಹಿಡಿದುಕೊಂಡು ರೇಯೊನೂ ಬಂದ.

ಆಹ್ತಿ ಚಕ್ರ ಕಳಚಿ ಬೇರಿಂಗು ಬಿಚ್ಚಿದ. ಗ್ರೀಸು ನೀರಿನಲ್ಲಿ ಕಲಸಿಹೋಗಿ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಗುಂಡುಗಳು ಉರುಳುವ ನುಣುಪಾದ ದಾರಿ ತುಕ್ಕು ತಿಂದು ಗುಂಡಿ ಬಿದ್ದಿತ್ತು.

"ತಪ್ಪಾಯ್ತು ಸೈಮಿ," ಎಂದ ರೇಯೊ. "ಮೊಳೆ ಸದ್ದು ಅಂದ್ಕೊಂಡೆ. ನನ್ನ ಕಿವಿ ಕೈಕೊಡ್ತು."

"ಹಾಳಾದ ಉಪ್ಪಿಂದಾನೇ ಅಲ್ವೇನೋ?" ಎಂದು ಸೈಮಿ ಆಹ್ತಿಯನ್ನು ಕೇಳಿದಳು.

ಆಹ್ತಿ ಹೌದೆನ್ನಬಹುದಿತ್ತು. ಆದರೆ ಅವನ ಕಣ್ಣು ಬೇರಿಂಗಿನ ರಬ್ಬರ್ ಮುಚ್ಚಳದ ಮೇಲೇ ನಿಂತಿತ್ತು. ಅದರ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಸುತ್ತ ಒಂದು ಹರಳು ಉಪ್ಪಿಲ್ಲ, ಬೆಳಗಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಹತ್ತಿರದಿಂದ ನೀರು ಹೊಡೆಯುತ್ತಿದ್ದವನು ಊರಲ್ಲಿ ಒಬ್ಬನೇ.

"ಉಪ್ಪಲ್ಲ, ನಾನು," ಎಂದ. "ನನ್ನ ಪೈಪಿನ ನೀರು ಒಳಗೆ ಹೋಗಿದೆ. ಹಾಳಾಗಿರೋದು ಚಳಿಗಾಲದಲ್ಲೇ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕೆ?"

ಆಹ್ತಿ ಬನ್ನಿನ ಪೊಟ್ಟಣದ ಕಡೆ ನೋಡಿದ.

"ಇದಕ್ಕಾ?" ಸೈಮಿಯ ಮುಖ ಕೆಂಪಾಯಿತು. "ಆ ಕಾಡುದಾರೀಲಿ ಒಬ್ಬಳೇ ಓಡಾಡ್ತಿದ್ದೆ ಕಣೋ! ಚಕ್ರ ಕಳಚಿಕೊಂಡಿದ್ರೆ?" ಹೊಸ ಬೇರಿಂಗು ಕೂತದ್ದೇ ತಡ, ಬೀಗದ ಕೈ ಕಿತ್ತುಕೊಂಡು ಹೊರಟುಹೋದಳು.

ಆ ವಾರವೆಲ್ಲ ಆಹ್ತಿ ರಸ್ತೆಗೆ ಕಿವಿಗೊಟ್ಟು ಕೂತ. ಕಾರು ಈಗ ಸದ್ದೇ ಮಾಡುತ್ತಿರಲಿಲ್ಲ. ಅವಳು ಹೋದದ್ದೂ ತಿಳಿಯದು, ಬಂದದ್ದೂ ತಿಳಿಯದು. ಆಚೆ ನಿಲ್ಲಿಸಿ ಬನ್ನು ತಿನ್ನುತ್ತಿದ್ದಾಳೋ ಏನೋ ಎಂದು ದಿನಕ್ಕೆ ಹತ್ತು ಸಲ ಕಿಟಕಿಗೆ ಹೋದ.

ಶನಿವಾರ ಅವಳು ಬಂದಳು. ಕೈಯಲ್ಲಿ ಬಕೆಟು, ಎರಡು ಸ್ಪಂಜು, ಹಿಂದೆ ರೇಯೊ.

"ಒಬ್ಬನಿಗೆ ಕೇಳಿಸ್ಲಿಲ್ಲ, ಇನ್ನೊಬ್ಬ ಹೇಳ್ಲಿಲ್ಲ. ಇಬ್ರೂ ಕೈಯಲ್ಲೇ ಉಜ್ಜಿ. ಪೈಪು ಮುಟ್ಟಿದ್ರೆ ನೋಡಿ!"

ರೇಯೊ ನಗುತ್ತ ಅಂಗಿಯ ತೋಳು ಮಡಚಿ ಮುಂದಿನ ಎಡ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತ. ಆಹ್ತಿ ಅವನ ಭುಜ ಹಿಡಿದು ಆಚೆ ಸರಿಸಿದ.

"ಏಳಯ್ಯ. ಎಡ ಚಕ್ರ ನಂದು."